ಕಾರಿನೊಳಗಿನ ಕಿರಿಕಿರಿ ಸದ್ದನ್ನು ನಾನೇ ಅಡಗಿಸಿದ ಬಗೆ

ನನ್ನ ಕಾರು ಹೊಸದಾಗಿದ್ದಾಗಲೇ ಡ್ಯಾಶ್‌ಬೋರ್ಡ್ ಕಿರುಗುಟ್ಟತೊಡಗಿತ್ತು, ಹಾಡು ಹಾಕಿದರೆ ಬಾಗಿಲಿನ ಪ್ಯಾನೆಲ್ ಗಡಗಡ ಎನ್ನುತ್ತಿತ್ತು. ಸರ್ವಿಸ್ ಸೆಂಟರಿನವರು ಇದು ಮಾಮೂಲು ಎಂದು ಹೇಳಿ ಕಳುಹಿಸಿದರು. ಅಷ್ಟು ಹಣ ಕೊಟ್ಟು ಕೊಂಡ ವಾಹನದ ವಿಷಯದಲ್ಲಿ ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ; ವಾರಂಟಿ ಮುಗಿದ ಮೇಲೆ ನಾನೇ ಬಿಚ್ಚಿ ನೋಡಿದೆ.

ಮೊದಲು ಸದ್ದಿನ ಜಾಗ ಗೊತ್ತಾಗಬೇಕು. ಬೇರೊಬ್ಬರು ಹಳ್ಳದಿಣ್ಣೆಯ ರಸ್ತೆಯಲ್ಲಿ ನಿಧಾನವಾಗಿ ಕಾರು ಓಡಿಸುವಾಗ ನಾನು ಪಕ್ಕದಲ್ಲಿ ಕುಳಿತು ಒಂದೊಂದೇ ಸಂದನ್ನು ಅಂಗೈಯಿಂದ ಒತ್ತುತ್ತಾ ಹೋದೆ, ಒತ್ತಿದಾಗ ಸದ್ದು ನಿಂತ ಕಡೆಯಲ್ಲೆಲ್ಲ ಟೇಪಿನ ಗುರುತು ಅಂಟಿಸಿದೆ.

ಬಾಗಿಲಿನ ಪ್ಯಾನೆಲ್ಲನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಅಂಚು ಗಾಯವಾಗುತ್ತದೆ. ಅದಕ್ಕೆಂದೇ ಸಿಗುವ ಪ್ಲಾಸ್ಟಿಕ್ ಪಟ್ಟಿಯನ್ನು ಬಳಸಿದೆ. ಬಾಗಿಲಲ್ಲಿ ಏರ್‌ಬ್ಯಾಗ್ ಸೆನ್ಸರ್ ಇರುವ ಸಾಧ್ಯತೆಯಿರುವುದರಿಂದ ಮೊದಲೇ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೆಲವು ನಿಮಿಷ ಕಾದೆ; ಏರ್‌ಬ್ಯಾಗಿನ ವೈರುಗಳನ್ನು ಜೋಡಿಸುವ ಹಳದಿ ಕನೆಕ್ಟರುಗಳ ತಂಟೆಗೆ ಹೋಗಲಿಲ್ಲ. ಪಕ್ಕದ ಕಿಟಕಿಗಳಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಪಿಲ್ಲರಿನ (ಛಾವಣಿಯನ್ನು ಹೊರುವ ಕಂಬದ) ಹೊದಿಕೆಯನ್ನಂತೂ ಮುಟ್ಟಲೇ ಇಲ್ಲ.

ಒಳಗಿನ ನೋಟ ನಿಜಕ್ಕೂ ಬೇಸರ ತರಿಸಿತು. ವೈರುಗಳ ಕಟ್ಟು ಬಟ್ಟೆಟೇಪಿನ ಹೊದಿಕೆಯಿಲ್ಲದೆ ಬರಿಯ ತಗಡಿಗೆ ಬಡಿಯುತ್ತಿತ್ತು, ಎರಡು ಕ್ಲಿಪ್ಪುಗಳು ತಮ್ಮ ತೂತುಗಳಲ್ಲಿ ಸಡಿಲವಾಗಿ ಅಲ್ಲಾಡುತ್ತಿದ್ದವು, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗುವ ಕಡೆ ಒಂದು ತುಂಡು ಫೆಲ್ಟ್ (ಒತ್ತಿ ಮಾಡಿದ ಮೆತ್ತನೆಯ ದಪ್ಪ ಬಟ್ಟೆ) ಕೂಡ ಇರಲಿಲ್ಲ. ಬಿಸಿಲಿಗೆ 40 ಡಿಗ್ರಿಯಷ್ಟು ಉಷ್ಣತೆ ಏರಿದರೆ ಒಂದು ಮೀಟರ್ ಉಕ್ಕು ಹಿಗ್ಗುವುದು ಸುಮಾರು ಅರ್ಧ ಮಿಲಿಮೀಟರ್. ಪ್ಲಾಸ್ಟಿಕ್ ಅದರ ಹಲವು ಪಟ್ಟು ಹಿಗ್ಗುತ್ತದೆ. ಹೀಗೆ ಜರುಗುವ ಎರಡು ಅಂಚುಗಳು ಒಂದನ್ನೊಂದು ಹಿಡಿದು, ಮತ್ತೆ ಬಿಟ್ಟು ಜಾರಿದಾಗಲೇ ಆ ಕಿರುಗುಟ್ಟುವ ಸದ್ದು ಹುಟ್ಟುವುದು. ಗಟ್ಟಿ ಪ್ಲಾಸ್ಟಿಕ್ ಬಳಸಿದ್ದಕ್ಕೆ ನನ್ನ ತಕರಾರಿಲ್ಲ, ಅದು ಬಾಳಿಕೆ ಬರುವ ವಸ್ತುವೇ. ಆದರೆ ಸಂದುಗಳಲ್ಲಿ ಮಾಡಿದ ಉಳಿತಾಯವನ್ನು ಮಾತ್ರ ಕ್ಷಮಿಸಲಾಗದು.

ವೈರಿನ ಕಟ್ಟಿಗೆ ಉದ್ದಕ್ಕೂ ಬಟ್ಟೆಟೇಪು ಸುತ್ತಿದೆ, ಸಡಿಲ ಕ್ಲಿಪ್ಪುಗಳನ್ನು ಬದಲಿಸಿದೆ, ಅಂಚುಗಳಿಗೆ ತೆಳುವಾದ ಫೆಲ್ಟ್ ಪಟ್ಟಿ ಅಂಟಿಸಿದೆ. ಪಟ್ಟಿ ದಪ್ಪವಾದರೆ ಕ್ಲಿಪ್ಪು ಪೂರ್ತಿ ಕೂರದೆ ಹೊಸ ಸದ್ದು ಶುರುವಾಗುತ್ತದೆ. ಹೊರ ತಗಡಿನ ಒಳಮೈಗೆ, ಅದರ ಕಂಪನವನ್ನು ಅಡಗಿಸುವ ಬ್ಯುಟೈಲ್ ರಬ್ಬರಿನ ಅಂಟುಹಾಳೆಯನ್ನು ಒತ್ತಿ ಕೂರಿಸುವಾಗ ಬಾಗಿಲಿನ ಬುಡದಲ್ಲಿರುವ, ಮಳೆನೀರು ಹೊರಹೋಗುವ ರಂಧ್ರಗಳು ಮುಚ್ಚದಂತೆ ನೋಡಿಕೊಂಡೆ. ಬಾಗಿಲಿನ ರಬ್ಬರಿಗೆ ಸಿಲಿಕೋನ್ ಗ್ರೀಸನ್ನಷ್ಟೇ ಸವರಿದೆ, ಏಕೆಂದರೆ ಪೆಟ್ರೋಲಿಯಂ ಮೂಲದ ಗ್ರೀಸು ಅದನ್ನು ಉಬ್ಬಿಸಿ ಕೆಡಿಸುತ್ತದೆ.

ಹಿಡಿಕೆಯ ಮೇಲಿನ ಮೆತ್ತನೆಯ ಲೇಪ ಸೆಕೆಗೂ ತೇವಕ್ಕೂ ಕರಗಿ ಅಂಟಂಟಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಅದು ಕಿತ್ತುಬಂದು, ಅಡಿಯಲ್ಲಿದ್ದ ಸಾದಾ ಕಪ್ಪು ಪ್ಲಾಸ್ಟಿಕ್ ಕಾಣಿಸಿತು. ನನ್ನ ಮಟ್ಟಿಗೆ ಅದೇ ಲೇಸು.

ಬಾಗಿಲುಗಳು ಈಗ ಪೂರ್ತಿ ಶಾಂತವಾಗಿವೆ. ಡ್ಯಾಶ್‌ಬೋರ್ಡಿನ ಒಂದು ಮೂಲೆ ಮಾತ್ರ ಬಿರುಬಿಸಿಲಿನಲ್ಲಿ ಇನ್ನೂ ಆಗೀಗ ಟಕ್ ಎನ್ನುತ್ತದೆ. ಅಲ್ಲಿಗೆ ಕೈ ಹೋಗಬೇಕಾದರೆ ಪ್ರಯಾಣಿಕರ ಏರ್‌ಬ್ಯಾಗನ್ನು ಕಳಚಬೇಕಾಗುವುದರಿಂದ ಆ ಕೆಲಸವನ್ನು ತರಬೇತಾದ ತಂತ್ರಜ್ಞರಿಗೇ ಬಿಟ್ಟಿದ್ದೇನೆ.