ಕನ್ನಡಿಯಲ್ಲಿ ಕಂಡ ದೇವದೂತರು

ಹಳೆಯ ಚರ್ಚುಗಳನ್ನು ಪೆನ್ಸಿಲಿನಲ್ಲಿ ಬಿಡಿಸುವುದು ನನ್ನ ಶನಿವಾರದ ಗೀಳು. ಇಂಗ್ಲೆಂಡಿನ ಸಫೋಕ್‌ನಲ್ಲಿರುವ ಬ್ಲೈತ್‌ಬರಾಗೆ (ಊರಿನವರ ಬಾಯಲ್ಲಿ ‘ಬ್ಲೈಬ್ರ’) ಮೊದಲ ಸಲ ಹೋದಾಗ, ಒಳಗೆ ಕಾಲಿಟ್ಟವನೇ ಮಾಡು ಬಿಡಿಸಲು ನಿಂತೆ. ಹದಿನೈದನೇ ಶತಮಾನದ ಮರದ ಮಾಡು, ಅದರ ನೆತ್ತಿಯ ಉದ್ದಕ್ಕೂ ಬೆನ್ನಿಗೆ ಬೆನ್ನು ಕೊಟ್ಟು ರೆಕ್ಕೆ ಹರಡಿದ ದೇವದೂತರು. ಹತ್ತೇ ನಿಮಿಷಕ್ಕೆ ಕತ್ತು ಹಿಡಿಯಿತು. ಹಾಳೆಯ ಮೇಲೆ ಕೋಳಿ ಕೆದಕಿದಂಥ ನಾಲ್ಕು ಗೆರೆ.

ಎರಡನೇ ಸಲ ಗಡ್ಡ ಹೆರೆಯುವ ಕನ್ನಡಿ ಒಯ್ದೆ. ತೊಡೆಯ ಮೇಲಿಟ್ಟು ತಲೆ ಬಗ್ಗಿಸಿಯೇ ಬಿಡಿಸಿದೆ. ಎಡಬಲ ಅದಲುಬದಲಾಗುತ್ತದೆ, ಆಗಲಿ. ಮೇಲಿನ ಸಾಲಿನಲ್ಲಿ ಒಂದೊಂದು ಬದಿಗೆ 18 ಕಿಟಕಿ. ಹೆಚ್ಚಿನವು ಬರಿ ಗಾಜು, ಹಾಗಾಗಿ ಬೆಳಕಿಗೆ ಬರವಿಲ್ಲ.

ಆ ಕಾಲದಲ್ಲಿ ಜನ ನಿಲ್ಲುವ ಹಜಾರದ ರಿಪೇರಿ ಊರಿನವರ ತಲೆಗೆ, ಬಲಿಪೀಠದ ಭಾಗ ಚರ್ಚಿನ ಆದಾಯ ಪಡೆಯುವವರ ಹೊಣೆ. ಹಾಗಾಗಿ ಬೇರೆ ಕಡೆ ಎರಡರ ನಡುವೆ ದೊಡ್ಡ ಕಮಾನೊಂದು ಗಡಿ ಹಾಕಿರುತ್ತದೆ. ಇಲ್ಲಿ ಅದಿಲ್ಲ. ಒಂದೇ ಮಾಡು ಈ ತುದಿಯಿಂದ ಆ ತುದಿಗೆ. ಗೊತ್ತಿಲ್ಲದೆ ನಾನು ಕಮಾನಿಗೆ ಜಾಗ ಬಿಟ್ಟು ಗೆರೆ ಹಾಕಿ, ಆಮೇಲೆ ಉಜ್ಜಿದೆ.

ದೇವದೂತರ ಮೈಯಲ್ಲಿ ಸೀಸದ ಚರೆಗಳಿದ್ದವು. 1644ರಲ್ಲಿ ಚಿತ್ರ, ಪ್ರತಿಮೆಗಳನ್ನು ಒಡೆಸಲು ಬಂದಿದ್ದ ವಿಲಿಯಂ ಡೌಸಿಂಗ್‌ನನ್ನು ಜನ ಬಹಳ ಕಾಲ ದೂರಿದರು. ಹೊಡೆದದ್ದು ಅವನ ಕಡೆಯವರಲ್ಲ. ಹದಿನೆಂಟನೇ ಶತಮಾನದಲ್ಲಿ ಮಾಡಿನಲ್ಲಿ ಸೇರಿಕೊಂಡ ಕಾಗೆಗಳನ್ನು ಓಡಿಸಲು ಚರ್ಚಿನವರೇ ಕಾಸು ಕೊಟ್ಟು ಹೊಡೆಸಿದ್ದು. ಡೌಸಿಂಗ್ ಸಾಚಾ ಅಂತಲ್ಲ, ದೇವದೂತರನ್ನು ಇಳಿಸಲು ಅಪ್ಪಣೆ ಮಾಡಿದ್ದ. ಅಷ್ಟೆತ್ತರಕ್ಕೆ ಏಣಿ ಹಾಕುವವರು ಯಾರು! ದುರ್ಬೀನಿನಲ್ಲಿ ಹುಡುಕಿದೆ, ಚರೆಯ ತೂತು ಯಾವುದು, ಹುಳು ಕೊರೆದದ್ದು ಯಾವುದು, ತಿಳಿಯಲಿಲ್ಲ.

ಹೆಚ್ಚು ಹೊತ್ತು ಕಳೆದದ್ದು ಬೆಂಚುಗಳ ತುದಿಯ ಕೆತ್ತನೆಗಳ ಮುಂದೆ. ಮಹಾಪಾಪಗಳು ಅಲ್ಲಿ ಮನುಷ್ಯರಾಗಿ ಕೂತಿವೆ: ಹಾಸಿಗೆ ಬಿಟ್ಟೇಳದ ಸೋಮಾರಿ, ಹೊಟ್ಟೆ ಉಬ್ಬಿದ ತಿಂಡಿಪೋತ, ಹಣದ ಪೆಟ್ಟಿಗೆಯ ಮೇಲೆ ಕೂತ ಜಿಪುಣ. ಟಾರ್ಚನ್ನು ಎದುರಿಗೆ ಹಿಡಿದರೆ ಎಲ್ಲ ಚಪ್ಪಟೆ. ಪಕ್ಕದಿಂದ ಹಿಡಿದರೆ ಸವೆದ ಮುಖಕ್ಕೂ ಮೂಗು ಬರುತ್ತದೆ. ಸೋಮಾರಿಗೆ ಮೂರು ಹಾಳೆ ಸುರಿದೆ.

ಉತ್ತರದ ಬಾಗಿಲು ಇನ್ನೂ ಕೈಗೆ ಒಲಿದಿಲ್ಲ. 1577ರ ಆಗಸ್ಟ್ 4ರ ಬಿರುಗಾಳಿಯಲ್ಲಿ ಗೋಪುರದ ಶಿಖರ ಮುರಿದು ಬಿದ್ದು ಜನ ಸತ್ತರು. ಬಾಗಿಲಿನ ಸುಟ್ಟ ಕಲೆಗಳು ಅಂದು ನುಗ್ಗಿದ ಕರಿನಾಯಿಯ ಉಗುರಿನವು ಎಂಬುದು ಊರ ಕತೆ. ಕಪ್ಪಾದ ಮರದ ಮೇಲಿನ ಕಪ್ಪನ್ನು ಪೆನ್ಸಿಲಿನಲ್ಲಿ ಹಿಡಿಯುವುದು ಹೇಗೆ? ಮುಂದಿನ ಸಲ ಇದ್ದಿಲು ಒಯ್ಯುತ್ತೇನೆ.