ಆಡ್ಸ್ ಓದುವುದನ್ನು ನಾನು ಕಲಿತ ಬಗೆ

ಮ್ಯಾಚ್ ಶುರುವಾಗುವ ಮುಂಚೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಯಾರು ಗೆಲ್ತಾರೆ? ಬೆಟ್ಟಿಂಗ್‌ನ ಲೆಕ್ಕ ಅರ್ಥ ಮಾಡಿಕೊಳ್ಳಲು ಕೂತಾಗ ನಾನು ಮೊದಲು ಪಕ್ಕಕ್ಕಿಟ್ಟದ್ದು ಈ ಪ್ರಶ್ನೆಯನ್ನೇ. ಅದರ ಜಾಗದಲ್ಲಿ ಬೇರೆಯದನ್ನು ಕೇಳಿಕೊಳ್ಳತೊಡಗಿದೆ. ಈ ತಂಡಕ್ಕೆ ಹಾಕಿರುವ ದರ, ಅಂದರೆ ಆಡ್ಸ್, ಸರಿ ಇದೆಯಾ? ಗೆಲ್ಲುವ ತಂಡವನ್ನು ಊಹಿಸುವುದು ಅಷ್ಟೇನೂ ಕಷ್ಟವಲ್ಲ. ಬಲವಾದ ತಂಡ ಹೆಚ್ಚಿನ ಸಲ ಗೆದ್ದೇ ಗೆಲ್ಲುತ್ತದೆ. ಆದರೆ ಆ ಬಲ ದರದಲ್ಲಿ ಆಗಲೇ ಸೇರಿಹೋಗಿರುತ್ತದೆ ಅಲ್ವಾ? ಅಲ್ಲಿಂದಲೇ ನಿಜವಾದ ಕೆಲಸ ಶುರು.

ಇಡೀ ಅಭ್ಯಾಸವನ್ನು ನಾನು ಮಾಡಿದ್ದು, ಈಗಲೂ ಮಾಡುತ್ತಿರುವುದು ನೋಟ್‌ಬುಕ್‌ನಲ್ಲಿ, ಹಣ ಹಾಕದೆ. ಬೆಟ್ಟಿಂಗ್ ಕೆಲವು ಕಡೆ ಕಾನೂನಿಗೆ ಒಪ್ಪಿದ ವ್ಯವಹಾರ, ಕೆಲವು ಕಡೆ ಅಪರಾಧ. ಅದೊಂದು ಕಾರಣ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ. ಹಣ ಹಾಕಿದ ಕೂಡಲೇ ಗಮನ ಲೆಕ್ಕದಿಂದ ಜಾರಿ ಸ್ಕೋರ್‌ಬೋರ್ಡಿಗೆ ಅಂಟಿಕೊಳ್ಳುತ್ತದೆ. ಕಲಿಯುವ ಮನಸ್ಸಿಗೆ ಅದು ಒಳ್ಳೆಯದಲ್ಲ.

ಮೊದಲು ದರ ಬರೆಯುವ ರೀತಿಗಳು. ಡೆಸಿಮಲ್‌ನಲ್ಲಿ 2.10 ಎಂದಿದ್ದರೆ, 100 ಹಾಕಿ ಗೆದ್ದವರಿಗೆ 210 ವಾಪಸ್. ಅದರಲ್ಲಿ 100 ಅವರದೇ ಹಣ, 110 ಲಾಭ. ಇದನ್ನೇ ಭಿನ್ನರಾಶಿಯಲ್ಲಿ 11/10 ಎಂದು, ಅಮೆರಿಕದ ರೀತಿಯಲ್ಲಿ +110 ಎಂದು ಬರೆಯುತ್ತಾರೆ. ಮೂರೂ ಒಂದೇ. ನಾನು ಎಲ್ಲವನ್ನೂ ಡೆಸಿಮಲ್‌ಗೆ ತಂದುಕೊಳ್ಳುತ್ತೇನೆ, ಏಕೆಂದರೆ ಮುಂದಿನ ಹೆಜ್ಜೆ ಅದರಲ್ಲೇ ಸುಲಭ. 1ನ್ನು ದರದಿಂದ ಭಾಗಿಸಿದರೆ ಆ ದರದೊಳಗೆ ಅಡಗಿರುವ ಸಾಧ್ಯತೆ ಸಿಗುತ್ತದೆ. 2.10 ಎಂದರೆ ಶೇ. 47.6. ದರ ನೋಡಿದ ತಕ್ಷಣ ಮನಸ್ಸಿಗೆ ಶೇಕಡಾವಾರು ಬರುವ ತನಕ ನಾನು ಇದನ್ನೇ ಅಭ್ಯಾಸ ಮಾಡಿದೆ.

ಫುಟ್‌ಬಾಲ್ ಮ್ಯಾಚೊಂದಕ್ಕೆ ಹೀಗೆ ದರ ಇದೆ ಎಂದುಕೊಳ್ಳಿ: ತವರು ತಂಡ 2.10, ಡ್ರಾ 3.40, ಎದುರಾಳಿ 3.60. ಸಾಧ್ಯತೆಗೆ ಬದಲಾಯಿಸಿದರೆ 47.6, 29.4, 27.8. ಕೂಡಿಸಿ ನೋಡಿ. 104.8 ಬರುತ್ತದೆ. ಮ್ಯಾಚಿನ ಫಲಿತಾಂಶ ಈ ಮೂರರಲ್ಲಿ ಒಂದೇ ಆಗಬೇಕು, ಒಟ್ಟು ನೂರನ್ನು ಮೀರುವಂತಿಲ್ಲ. ಆ ಹೆಚ್ಚಿನ 4.8 ಬುಕ್‌ಮೇಕರ್‌ನ, ಅಂದರೆ ದರ ಹಾಕಿ ಬೆಟ್ ತೆಗೆದುಕೊಳ್ಳುವವರ, ಮಾರ್ಜಿನ್. ಅದನ್ನು ತೆಗೆಯಲು ಪ್ರತಿ ಸಂಖ್ಯೆಯನ್ನೂ 104.8ರಿಂದ ಭಾಗಿಸಿ ನೂರರಿಂದ ಗುಣಿಸುತ್ತೇನೆ. ಆಗ 45.4, 28.1, 26.5 ಉಳಿಯುತ್ತವೆ. ಮಾರ್ಜಿನ್ ಮೂರೂ ಕಡೆ ಸಮನಾಗಿ ಹರಡಿದೆ ಎಂಬ ಊಹೆ ಇದರಲ್ಲಿದೆ, ಅದು ಪೂರ್ತಿ ನಿಜವಲ್ಲ. ಗೆಲ್ಲುವ ಆಸೆ ಕಡಿಮೆ ಇರುವ ತಂಡಗಳ ದರದಲ್ಲಿ ಮಾರ್ಜಿನ್ ಸಾಮಾನ್ಯವಾಗಿ ಜಾಸ್ತಿ ಕೂತಿರುತ್ತದೆ. ಕುದುರೆ ರೇಸಿನಲ್ಲಿ ಇದನ್ನು 1949ರಲ್ಲೇ ಗಮನಿಸಿ ಬರೆದಿದ್ದಾರೆ. ಆದರೂ ಕಲಿಯುವವರಿಗೆ ಈ ಸರಳ ಭಾಗಾಕಾರ ಸಾಕು.

ಗೆಲ್ಲುವ ಆಸೆಯೇ ಇಲ್ಲದ ತಂಡಗಳ ಮಾತು ಬಂದಾಗ ಎಲ್ಲರೂ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಲೆಸ್ಟರ್ ಸಿಟಿಯ ಹೆಸರು ಎತ್ತುತ್ತಾರೆ. 2015-16ರ ಪ್ರೀಮಿಯರ್ ಲೀಗ್ ಶುರುವಾಗುವ ಮೊದಲು ಆ ತಂಡ ಚಾಂಪಿಯನ್ ಆಗುವುದಕ್ಕೆ 5000/1 ದರ ಇತ್ತು, ಅಂದರೆ ಶೇ. 0.02ರ ಸಾಧ್ಯತೆ. ಲೆಸ್ಟರ್ ಗೆದ್ದೂ ಬಿಟ್ಟಿತು. ಆ ಸಾಧನೆ ನನಗೂ ಬಹಳ ಇಷ್ಟ. ಆದರೆ ದೊಡ್ಡ ದರದ ಮೇಲೆ ಹಣ ಹಾಕುವುದು ಜಾಣತನ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಹಾಗೆ ಹಾಕಿ ಹೋದ ಲೆಕ್ಕವಿಲ್ಲದಷ್ಟು ಬೆಟ್‌ಗಳ ಕಥೆಯನ್ನು ಯಾರೂ ಹೇಳುವುದಿಲ್ಲ.

ದರ ಯಾವುದಕ್ಕೆ ಅನ್ವಯ ಎಂಬ ನಿಯಮವನ್ನೂ ಓದಲೇಬೇಕು. ಫುಟ್‌ಬಾಲ್‌ನಲ್ಲಿ ಈ ಮೂರು ಆಯ್ಕೆಯ ಬೆಟ್ ಸಾಮಾನ್ಯವಾಗಿ 90 ನಿಮಿಷ ಮತ್ತು ಇಂಜುರಿ ಟೈಮ್‌ಗೆ ಮಾತ್ರ. ನಾಕೌಟ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ ತಂಡ ಗೆದ್ದರೂ ಆ ಬೆಟ್‌ನ ಲೆಕ್ಕಕ್ಕೆ ಅದು ಡ್ರಾ. ಟೆನಿಸ್‌ನಲ್ಲಿ ಆಟಗಾರ ಗಾಯಗೊಂಡು ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಟೆಸ್ಟ್ ಕ್ರಿಕೆಟ್‌ನಲ್ಲಿ ಡ್ರಾ ಮೂರನೇ ಫಲಿತಾಂಶ, ಮಳೆಯ ಮುನ್ಸೂಚನೆ ಬಂದರೆ ಆ ದರ ಮೊದಲು ಅಲುಗಾಡುತ್ತದೆ.

ಇನ್ನು ನನ್ನದೇ ಅಂದಾಜು. ದರ ಸರಿಯೋ ತಪ್ಪೋ ಹೇಳಲು ನನ್ನ ಕೈಯಲ್ಲೊಂದು ಸಂಖ್ಯೆ ಬೇಕು. ಫುಟ್‌ಬಾಲ್‌ಗೆ ನಾನು ಪಾಯ್ಸಾನ್ ಎಂಬ ಸಾಧ್ಯತೆಯ ಲೆಕ್ಕವನ್ನು ಹಿಡಿದೆ. ವಿರಳವಾಗಿ, ಬಿಡಿಬಿಡಿಯಾಗಿ ನಡೆಯುವ ಘಟನೆಗಳಿಗೆ ಅದು ಹೊಂದುತ್ತದೆ, ಗೋಲುಗಳೂ ಹಾಗೆಯೇ ಬರುತ್ತವೆ. 1982ರಲ್ಲಿ ಮಾಹರ್ ಎಂಬವರು ತಂಡದ ದಾಳಿಯ ಬಲ ಮತ್ತು ರಕ್ಷಣೆಯ ಬಲವನ್ನು ಬೇರೆ ಬೇರೆಯಾಗಿ ಅಳೆದು ಇದನ್ನು ಫುಟ್‌ಬಾಲ್‌ಗೆ ಹೊಂದಿಸಿದರು. ತಂಡದ ಗೋಲುಗಳ ಸರಾಸರಿ, ಎದುರಾಳಿ ಬಿಟ್ಟುಕೊಡುವ ಗೋಲುಗಳ ಸರಾಸರಿ, ತವರಿನ ಲಾಭ, ಇಷ್ಟನ್ನು ಸೇರಿಸಿದರೆ ಈ ಮ್ಯಾಚಿನಲ್ಲಿ ಒಂದೊಂದು ತಂಡಕ್ಕೆ ಎಷ್ಟು ಗೋಲು ನಿರೀಕ್ಷಿಸಬಹುದು ಎಂಬ ಸಂಖ್ಯೆ ಬರುತ್ತದೆ.

ತವರು ತಂಡಕ್ಕೆ 1.5, ಎದುರಾಳಿಗೆ 1.1 ಬಂತು ಎನ್ನಿ. ಆಗ 0-0 ಆಗುವ ಸಾಧ್ಯತೆ ಶೇ. 7.4. 1-1ಕ್ಕೆ ಶೇ. 12.3. 2-2ಕ್ಕೆ ಶೇ. 5.1. ಅದರ ಮೇಲಿನ ಡ್ರಾಗಳೆಲ್ಲ ಸೇರಿ ಸುಮಾರು ಶೇ. 1. ಒಟ್ಟು ಡ್ರಾ ಶೇ. 26ರ ಹತ್ತಿರ, ನ್ಯಾಯವಾದ ದರ ಸುಮಾರು 3.88. ಮೇಲಿನ ಉದಾಹರಣೆಯಲ್ಲಿ ಡ್ರಾಗೆ ಸಿಗುತ್ತಿದ್ದದ್ದು 3.40. ನನ್ನ ಅಂದಾಜು ಸರಿ ಇದ್ದರೆ ಅದು ತೀರಾ ಕಡಿಮೆ. ಆದರೆ ಇಲ್ಲೊಂದು ವಿಷಯ ಇದೆ, ಇದು ನನಗೆ ಬಹಳ ಹಿಡಿಸಿದ್ದು. ಈ ಲೆಕ್ಕ ಎರಡೂ ತಂಡಗಳ ಗೋಲುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಎಂದು ಭಾವಿಸುತ್ತದೆ. ನಿಜವಾದ ಆಟದಲ್ಲಿ 0-0, 1-1ರಂಥ ಸಣ್ಣ ಡ್ರಾಗಳು ಈ ಲೆಕ್ಕ ಹೇಳುವುದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತವೆ. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಣ್ಣ ಸ್ಕೋರ್‌ಗಳಿಗೆ ಒಂದು ತಿದ್ದುಪಡಿ ಸೇರಿಸಿದ್ದು ಇದಕ್ಕೇ. ಅದನ್ನು ಸೇರಿಸಿದರೆ ನನ್ನ ಡ್ರಾ ಸಂಖ್ಯೆಯೂ ಮೇಲೇರಿ ಮಾರುಕಟ್ಟೆಯ ಸಂಖ್ಯೆಯ, ಅಂದರೆ ದರದೊಳಗಿನ ಸಾಧ್ಯತೆಯ, ಹತ್ತಿರ ಬರುತ್ತದೆ. ಹಾಗಾಗಿ ನನ್ನ ಸಂಖ್ಯೆಗೂ ದರಕ್ಕೂ ದೊಡ್ಡ ಅಂತರ ಕಂಡರೆ, ದರ ಹಾಕಿದವರಿಗೆ ಗೊತ್ತಿರುವುದೇನು, ನನ್ನ ಲೆಕ್ಕದಲ್ಲಿ ಇಲ್ಲದಿರುವುದೇನು ಎಂದು ಮೊದಲು ಹುಡುಕುತ್ತೇನೆ. ಹೆಚ್ಚಿನ ಸಲ ಉತ್ತರ ಸಿಗುತ್ತದೆ: ಮುಖ್ಯ ಗೋಲ್‌ಕೀಪರ್ ಆಡುತ್ತಿಲ್ಲ, ಅಥವಾ ಮುಂದಿನ ದೊಡ್ಡ ಮ್ಯಾಚಿಗಾಗಿ ಆಟಗಾರರಿಗೆ ವಿಶ್ರಾಂತಿ ಕೊಟ್ಟಿದ್ದಾರೆ.

ತವರಿನ ಲಾಭವೂ ಕಲ್ಲಿನ ಮೇಲೆ ಕೊರೆದ ಸಂಖ್ಯೆಯಲ್ಲ. 2020ರಲ್ಲಿ ಪ್ರೇಕ್ಷಕರಿಲ್ಲದೆ ಮ್ಯಾಚ್‌ಗಳು ನಡೆದಾಗ ಹಲವು ಲೀಗ್‌ಗಳಲ್ಲಿ ಅದು ಕುಗ್ಗಿತು. ಹಳೆಯ ಸರಾಸರಿಯನ್ನು ಸುಮ್ನೆ ಹಾಕಿಕೊಂಡು ಹೋಗುವ ಹಾಗಿಲ್ಲ.

ಇಬ್ಬರೇ ಆಡುವ ಆಟಗಳಿಗೆ ಎಲೋ ರೇಟಿಂಗ್, ಅಂದರೆ ಒಬ್ಬೊಬ್ಬರ ಬಲವನ್ನು ಅಂಕಗಳಲ್ಲಿ ಹೇಳುವ ಪದ್ಧತಿ, ಸುಲಭ. ಚೆಸ್‌ಗಾಗಿ ಅರ್ಪಾಡ್ ಎಲೋ ರೂಪಿಸಿದ್ದು ಇದು. ಮೂಲ ಸೂತ್ರದಲ್ಲಿ 100 ಅಂಕಗಳ ಅಂತರವಿದ್ದರೆ ಮೇಲಿನವರಿಗೆ ಶೇ. 64ರ ನಿರೀಕ್ಷೆ. ಫಿಫಾ ಕೂಡ 2018ರಿಂದ ಪುರುಷರ ತಂಡಗಳ ರ್‍ಯಾಂಕಿಂಗ್‌ಗೆ ಇದನ್ನೇ ಆಧಾರ ಮಾಡಿಕೊಂಡಿದೆ. ಒಂದೇ ಎಚ್ಚರ: ಎಲೋ ಡ್ರಾವನ್ನು ಅರ್ಧ ಗೆಲುವು ಎಂದು ಎಣಿಸುತ್ತದೆ, ಡ್ರಾ ಆಗುವ ಸಾಧ್ಯತೆಯನ್ನು ಬೇರೆಯಾಗಿ ಹೇಳುವುದಿಲ್ಲ.

ನೋಟ್‌ಬುಕ್‌ನಲ್ಲಿ ಪ್ರತಿ ಮ್ಯಾಚಿಗೂ ಒಂದು ಸಾಲು. ನನ್ನ ಶೇಕಡಾವಾರು, ಆ ಹೊತ್ತಿನ ದರ, ಮ್ಯಾಚ್ ಶುರುವಾಗುವ ಮುಂಚಿನ ಕೊನೆಯ ದರ, ಫಲಿತಾಂಶ. ಆಟ ಮುಗಿದ ಮೇಲೆ ನನ್ನ ಸಂಖ್ಯೆಯನ್ನು ಮುಟ್ಟುವ ಹಾಗಿಲ್ಲ. ಅಂಕ ಹಾಕುವುದಕ್ಕೆ ಬ್ರೈಯರ್ ಸ್ಕೋರ್ ಬಳಸುತ್ತೇನೆ. ಹವಾಮಾನ ತಜ್ಞ ಗ್ಲೆನ್ ಬ್ರೈಯರ್ 1950ರಲ್ಲಿ ಮುನ್ಸೂಚನೆಗಳನ್ನು ಅಳೆಯಲು ಮಾಡಿದ ವಿಧಾನ ಅದು. ಶೇ. 70 ಎಂದಿದ್ದೆ, ಗೆದ್ದರು ಎಂದರೆ 0.3ರ ವರ್ಗ, 0.09. ಸೋತರೆ 0.49. ಶೇ. 95 ಎಂದು ಗಟ್ಟಿಯಾಗಿ ಹೇಳಿ ಸೋತರೆ 0.90. ಸ್ಕೋರ್ ಕಡಿಮೆ ಇದ್ದಷ್ಟು ಒಳ್ಳೆಯದು. ಏನೂ ಯೋಚಿಸದೆ ಪ್ರತಿ ಸಲ ಶೇ. 50 ಎಂದವರಿಗೆ 0.25 ಸಿಗುತ್ತದೆ, ಅದು ನನ್ನ ಮೊದಲ ಗೆರೆ. ಅದೇ ಮ್ಯಾಚ್‌ಗಳಿಗೆ ಮಾರ್ಜಿನ್ ತೆಗೆದ ಕೊನೆಯ ದರದ ಸ್ಕೋರ್ ಎರಡನೇ ಗೆರೆ. ಮೊದಲ ಗೆರೆ ದಾಟುವುದು ಸುಲಭ. ಎರಡನೆಯದು ಬಹಳ ಗಟ್ಟಿ. ತಂಡದ ಪಟ್ಟಿ, ಗಾಯ, ಹವಾಮಾನ, ದೊಡ್ಡ ಹಣ ಹಾಕುವವರ ಲೆಕ್ಕ ಎಲ್ಲವೂ ಆ ಕೊನೆಯ ದರದಲ್ಲಿ ಕೂಡಿಕೊಂಡಿರುತ್ತವೆ.

ಗೆಲುವು ಸೋಲುಗಳ ಎಣಿಕೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎರಡೂ ಕಡೆ 1.91 ದರವಿರುವ ಬೆಟ್‌ಗಳಲ್ಲಿ ಹಣ ಕಳೆಯದಿರಲು ಶೇ. 52.4 ಸಲ ಗೆಲ್ಲಬೇಕು. ಒಬ್ಬರು 100ಕ್ಕೆ 55 ಗೆದ್ದರು ಎಂದರೆ ಜಾಣರೆಂದು ಹೇಳಬಹುದಾ? ನಾಣ್ಯ ಚಿಮ್ಮಿದರೂ 100ರಲ್ಲಿ 5ರಷ್ಟು ಆಚೀಚೆ ಆಗುವುದು ತೀರಾ ಸಾಮಾನ್ಯ. 1000ಕ್ಕೆ 550 ಎಂದರೆ ಮಾತು ಬೇರೆ, ಅಲ್ಲಿ ಸಾಮಾನ್ಯ ಏರಿಳಿತ 16ರಷ್ಟೇ. ಯಾರಾದರೂ ಒಂದು ತಿಂಗಳ ದಾಖಲೆ ತೋರಿಸಿ ಟಿಪ್ಸ್ ಮಾರಲು ಬಂದರೆ ನನ್ನ ಉತ್ತರ ಇದೇ. ಗ್ಯಾರಂಟಿ ಟಿಪ್ಸ್, ಫಿಕ್ಸ್ ಆದ ಮ್ಯಾಚ್ ಎಂದು ಹೇಳಿ ಬರುವವರನ್ನಂತೂ ನೇರವಾಗಿ ದೂರ ಇಡಿ.

ಅದೃಷ್ಟದ ಸಾಲು ಎಷ್ಟು ಉದ್ದ ಇರಬಹುದು ಎಂಬುದನ್ನೂ ಲೆಕ್ಕ ಹಾಕಿ ನೋಡಿದೆ. ಗೆಲುವಿನ ಸಾಧ್ಯತೆ ಅರ್ಧ ಇದ್ದಾಗ, 100 ಬೆಟ್‌ಗಳೊಳಗೆ ಎಲ್ಲೋ ಒಂದು ಕಡೆ ಸತತ ಆರು ಸೋಲು ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಸೋತಾಗಲೆಲ್ಲ ಪಣ ಡಬಲ್ ಮಾಡುತ್ತಾ ಹೋಗುವವರು 100ರಿಂದ ಶುರು ಮಾಡಿದ್ದರೆ, ಅಷ್ಟರಲ್ಲಿ 6300 ಕಳೆದುಕೊಂಡು ಏಳನೇ ಬೆಟ್‌ಗೆ 6400 ಹುಡುಕಬೇಕು. ಅದೂ 100 ಗಳಿಸುವ ಆಸೆಗೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಬರೆದು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಅಕ್ಯುಮುಲೇಟರ್, ಅಂದರೆ ಹಲವು ಮ್ಯಾಚ್‌ಗಳನ್ನು ಒಂದೇ ಬೆಟ್ಟಾಗಿ ಕಟ್ಟಿ ಎಲ್ಲವೂ ಗೆದ್ದರೆ ಮಾತ್ರ ಹಣ ಸಿಗುವ ಬೆಟ್, ಕೂಡ ಹೀಗೆಯೇ ಮರುಳು ಮಾಡುವಂಥದ್ದು. ಅರ್ಧಕ್ಕರ್ಧ ಸಾಧ್ಯತೆಯ ಐದು ಮ್ಯಾಚ್‌ಗಳನ್ನು 1.91ರಂತೆ ಜೋಡಿಸಿದರೆ ಒಟ್ಟು ದರ 25.4. ನ್ಯಾಯವಾಗಿ ಸಿಗಬೇಕಾದದ್ದು 32. ಒಂದೇ ಬೆಟ್‌ನಲ್ಲಿ ಪ್ರತಿ 100ಕ್ಕೆ ಸರಾಸರಿ 95.5 ವಾಪಸ್ ಬರುತ್ತದೆ, ಐದನ್ನು ಕಟ್ಟಿದರೆ 79 ಮಾತ್ರ. ಮಾರ್ಜಿನ್ ಒಂದರ ಮೇಲೊಂದು ಗುಣಿಸಿಕೊಂಡು ಹೋಗುತ್ತದೆ.

ಎಷ್ಟು ಹಣ ಹಾಕಬೇಕು ಎಂಬುದಕ್ಕೂ ಸೂತ್ರ ಇದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಬರೆದದ್ದು. 2.10 ದರ, ಗೆಲುವಿನ ಸಾಧ್ಯತೆ ಶೇ. 50 ಎಂದು ನಿಮ್ಮ ಅಂದಾಜು ಇದ್ದರೆ, ಕೈಯಲ್ಲಿರುವ ಹಣದ ಶೇ. 4.5 ಹಾಕಬಹುದು ಎನ್ನುತ್ತದೆ ಅದು. ಅದೇ ಸೂತ್ರಕ್ಕೆ ಮಾರುಕಟ್ಟೆಯ ಶೇ. 45.4 ಹಾಕಿ ನೋಡಿ. ಉತ್ತರ ಸೊನ್ನೆಗಿಂತ ಕೆಳಗೆ, ಅಂದರೆ ಏನೂ ಹಾಕಬೇಡಿ. ಐದು ಅಂಶಕ್ಕಿಂತ ಕಡಿಮೆ ವ್ಯತ್ಯಾಸದಲ್ಲಿ ಸಲಹೆ ತಿರುಗಿಬಿದ್ದಿತು. ಒಂದು ತಂಡದ ಬಗ್ಗೆ ನನ್ನ ಅಂದಾಜು ಅಷ್ಟು ನಿಖರ ಇದೆಯೇ ಎಂದು ಕೇಳಿಕೊಂಡಾಗ, ನೋಟ್‌ಬುಕ್‌ನಲ್ಲಿ ಮಾರುಕಟ್ಟೆಯ ಬ್ರೈಯರ್ ಸ್ಕೋರ್ ನನ್ನ ಸ್ಕೋರ್‌ಗಿಂತ ಕೆಳಗೇ, ಅಂದರೆ ಒಳ್ಳೆಯದಾಗಿಯೇ ಕಾಣುತ್ತದೆ. ಸದ್ಯ ನಾನು ನೋಡುತ್ತಿರುವುದು ಆ ಎರಡು ಸ್ಕೋರ್‌ಗಳ ನಡುವಿನ ಅಂತರ ಯಾವ ಲೀಗ್‌ನಲ್ಲಿ ಕಿರಿದಾಗುತ್ತದೆ ಎಂಬುದನ್ನು.