1.5 ಟೆಸ್ಲಾ ಯಂತ್ರದಲ್ಲಿ ಹಿಪೊಕ್ಯಾಂಪಸ್ ಅಳೆದ ಬಗೆ: ವಿಜಯಪುರದ ನನ್ನ ಅನುಭವ

ಮರೆವಿನ ಯಾವ ಲಕ್ಷಣವೂ ಇಲ್ಲದ ಹಿರಿಯರ ಹಿಪೊಕ್ಯಾಂಪಸ್ (ನೆನಪು ಕಟ್ಟುವ ಮಿದುಳಿನ ಭಾಗ) ವರ್ಷದಿಂದ ವರ್ಷಕ್ಕೆ ಎಷ್ಟು ಕುಗ್ಗುತ್ತದೆ ಎಂಬುದನ್ನು 1.5 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಎಂಆರ್‌ಐ ಯಂತ್ರದಲ್ಲಿ ಹಿಡಿಯಲಾಗದು, 3 ಟೆಸ್ಲಾ ಇಲ್ಲದೆ ಕೈಹಾಕಬೇಡಿ ಎಂದವರೇ ಹೆಚ್ಚು. ಅಲ್ಜೈಮರ್ ಲಕ್ಷಣಗಳಿಗಿಂತ 15–20 ವರ್ಷ ಮೊದಲೇ ಮಿದುಳಿನಲ್ಲಿ ಕೂಡತೊಡಗುವ ಅಮಿಲಾಯ್ಡ್ ಪ್ರೋಟೀನನ್ನು, ವಿಕಿರಣಶೀಲ ವಸ್ತು ಚುಚ್ಚಿ ಮಾಡುವ ಪೆಟ್‌ನಲ್ಲಿ ನೋಡುವ ಆಸೆ ನನಗೂ ಇತ್ತು. ಆದರೆ ಅದಕ್ಕೆ ಬಳಸುವ ಇಂಗಾಲ-11ರ ಅರ್ಧಾಯುಷ್ಯ 20 ನಿಮಿಷ. ಪಕ್ಕದಲ್ಲಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇಲ್ಲದ ಊರಿಗೆ ಅದು ಬರುವ ಮಾತೇ ಇಲ್ಲ. ಅದಕ್ಕಿಂತ ಹೆಚ್ಚು ಹೊತ್ತು ಬಾಳುವ ಫ್ಲೋರಿನ್-18 ತರಿಸುವ ಶಕ್ತಿ ನನ್ನ ಜೇಬಿಗಿರಲಿಲ್ಲ.

ಮೊದಲ ವರ್ಷ ಕೈಸುಟ್ಟುಕೊಂಡೆ. ರಾತ್ರಿ ಒಂಬತ್ತರ ಮೇಲೆ ಯಂತ್ರ ಖಾಲಿಯಿರುವಾಗ ಒಂದು ಸ್ಕ್ಯಾನಿಗೆ ಎರಡೂವರೆ ಸಾವಿರದಂತೆ ಮಾತಾಡಿದ್ದೆ. ಸುಮಾರು 40 ಜನರಲ್ಲಿ 14 ಜನರ ಚಿತ್ರ ಕೆಲಸಕ್ಕೆ ಬರಲಿಲ್ಲ. ಮೂವತ್ತೈದು ಸಾವಿರ ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ತಲೆ ಅಲುಗಿದರೆ ಚಿತ್ರದಿಂದ ಗಾತ್ರ ಅಳೆಯುವ ಫ್ರೀಸರ್ಫರ್ ತಂತ್ರಾಂಶ ಮಿದುಳು ಕುಗ್ಗಿದೆಯೆಂದೇ ಲೆಕ್ಕ ಕೊಡುತ್ತದೆ. ಒಬ್ಬ ನಿವೃತ್ತ ಶಿಕ್ಷಕರಲ್ಲಿ ಶೇ 6ರಷ್ಟು ಇಳಿಕೆ ಕಂಡು ಗಾಬರಿಯಾಗಿ ಮತ್ತೆ ಕರೆಸಿದರೆ, ಅದು ಶೇ 1ರ ಒಳಗೇ ಇತ್ತು. ಹಿಂದಿನ ಸಲ ಅವರಿಗೆ ಕೆಮ್ಮಿತ್ತು.

ತಾಯಂದಿರದು ಬೇರೆಯೇ ತೊಡಕು. ತಾಳಿ ತೆಗೆಯಲು ಹೇಳಿದಾಗ ಎಪ್ಪತ್ತು ದಾಟಿದ ಒಬ್ಬರು, “ಯಪ್ಪಾ, ಯಜಮಾನ್ರು ಹೊರಗ ಕುಂತಾರ, ಬರೇ ಕೊರಳಾಗ ಹೆಂಗ ಮಲಗಲಿ?” ಎಂದು ಎದ್ದೇಬಿಟ್ಟರು. ಮರುದಿನದಿಂದ ಅರಿಶಿನಕೊಂಬು ಕಟ್ಟಿದ ನೂಲಿನ ದಾರವನ್ನು ಸ್ಕ್ಯಾನ್ ಕೋಣೆಯ ಹೊರಗೆ ಇಟ್ಟೆವು. ಸೊಸೆ ಅದನ್ನು ಅತ್ತೆಯ ಕೊರಳಿಗೆ ಕಟ್ಟಿ, ತಾಳಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಕೂರುತ್ತಾಳೆ. ಹಾಗೆ ನಿಶ್ಚಿಂತೆಯಿಂದ ಮಲಗಿದವರ ತಲೆ ಅಲುಗುವುದೂ ಕಡಿಮೆಯಾಯಿತು. ಕತ್ತಿನ ಕೆಳಗೆ ಏನನ್ನು, ಹೇಗೆ ಮಡಚಿ ಇಡುತ್ತೇವೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ಒಂದೂವರೆ ವರ್ಷ ಹಿಡಿದಿದೆ.

ಎರಡನೆಯ ಸುತ್ತಿನ ನಡುವೆ ಯಂತ್ರದ ತಂತ್ರಾಂಶ ಬದಲಾಯಿತು, ನಮಗೆ ಯಾರೂ ತಿಳಿಸಲಿಲ್ಲ. ಕೆಲಸ ಉಳಿಸಿದ್ದು ನನ್ನ ಮತ್ತು ತಂತ್ರಜ್ಞರ ತಲೆಗಳು. ಪ್ರತಿ ತಿಂಗಳೂ ನಾವಿಬ್ಬರೂ ತಲೆಯ ಸುತ್ತ ಕೂರುವ ಅದೇ ಕಾಯಿಲ್‌ನಲ್ಲಿ ಮಲಗುತ್ತಿದ್ದೆವು; ಆ ತಿಂಗಳು ನಮ್ಮಿಬ್ಬರ ಅಳತೆಯೂ ಒಂದೇ ದಿಕ್ಕಿಗೆ ಸುಮಾರು ಶೇ 3ರಷ್ಟು ಜಿಗಿದಿತ್ತು. ಹಿರಿಯರ ಲೆಕ್ಕವನ್ನು ಅದರಿಂದಲೇ ಸರಿಪಡಿಸಿದೆ.

ನಡುವೆ ಇನ್ನೊಂದನ್ನೂ ಪರೀಕ್ಷಿಸಿದೆ. ಏಕಾದಶಿಯಂದು ನೀರನ್ನೂ ಮುಟ್ಟದ ಐದಾರು ಮಂದಿಯನ್ನು ಅದೇ ಸಂಜೆ ಮತ್ತು ಎರಡು ದಿನ ಬಿಟ್ಟು ಅಳೆದರೆ, ಉಪವಾಸದ ದಿನ ಇಡೀ ಮಿದುಳಿನ ಗಾತ್ರ ಅರ್ಧ ಪ್ರತಿಶತದಷ್ಟು ಕಡಿಮೆಯಿತ್ತು. ಅಂದಿನಿಂದ ಪಂಚಾಂಗ ನೋಡದೆ ದಿನ ಗೊತ್ತುಮಾಡುವುದಿಲ್ಲ.

ಮೂರು ಸುತ್ತು ಮುಗಿಸಿದ 26 ಜನರಲ್ಲಿ ಹೆಚ್ಚಿನವರ ಇಳಿಕೆ ವರ್ಷಕ್ಕೆ ಶೇ 1ರಿಂದ 1.5; ಮೂವರದು ಶೇ 4ರ ಹತ್ತಿರ, ಎರಡೂ ಬದಿಯಲ್ಲಿ. ಪದಪಟ್ಟಿಯನ್ನು ಅರ್ಧ ಗಂಟೆ ಬಿಟ್ಟು ನೆನಪಿಸಿಕೊಳ್ಳುವ ಪರೀಕ್ಷೆಯಲ್ಲಿ ಅಂಕ ಇಳಿದವರಲ್ಲಿ ಆ ಮೂವರೂ ಇದ್ದರು. 1.5 ಟೆಸ್ಲಾದಲ್ಲಿ ಆಗದೆಂದು ಅನುಮಾನಪಟ್ಟವರಲ್ಲಿ ಇಬ್ಬರು ಈಗ ನಮ್ಮ ಪ್ರೋಟೊಕಾಲ್ (ಸ್ಕ್ಯಾನ್ ಮಾಡುವ ಕ್ರಮ) ತರಿಸಿಕೊಂಡಿದ್ದಾರೆ. ಆದರೂ ಹಿಪೊಕ್ಯಾಂಪಸ್ ಕುಗ್ಗಲು ಬೇರೆ ಕಾರಣಗಳೂ ಇರುವುದರಿಂದ, ಆ ಮೂವರ ಮನೆಯಲ್ಲಿ ನಾನು ಅಲ್ಜೈಮರ್ ಎಂಬ ಮಾತೆತ್ತಿಲ್ಲ, ಬಿ.ಪಿ., ಸಕ್ಕರೆ, ಬಿ12, ಥೈರಾಯ್ಡ್ ತಪಾಸಣೆಗೆ ಚೀಟಿ ಬರೆದು, ದೀಪಾವಳಿ ಕಳೆದ ಮೇಲೆ ನಾಲ್ಕನೆಯ ಸ್ಕ್ಯಾನಿಗೆ ಕರೆದಿದ್ದೇನೆ.